ಗ್ರೀನ್ ಕಾರ್ಡ್ ಲೈನು ಎಲ್ಲಿ ನಿಂತಿದೆ, ನಾವು ಯಾರ ಹತ್ರ ಮಾತಾಡ್ಬೇಕು

ಪ್ರತಿ ತಿಂಗಳು ವೀಸಾ ಬುಲೆಟಿನ್, ಅಂದ್ರೆ ಗ್ರೀನ್ ಕಾರ್ಡ್ ಲೈನಲ್ಲಿ ಯಾವ ತಾರೀಖಿನ ಅರ್ಜಿವರೆಗೂ ಸರದಿ ಬಂದಿದೆ ಅನ್ನೋ ಪಟ್ಟಿ, ಬರುತ್ತೆ, ಬಂದ ತಕ್ಷಣ ನಮ್ಮ ಡಾಲಸ್ ಕಡೆಯ ಕನ್ನಡದವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಅದೇ ಮಾತು, ಇಬಿ-2 ಎಷ್ಟು ವಾರ ಮುಂದೆ ಹೋಯ್ತು, ಇಬಿ-3 ಯಾಕೆ ಅಲ್ಲೇ ನಿಂತೋಯ್ತು (ಎರಡೂ ಕೆಲಸದ ಮೇಲೆ ಕೊಡೋ ಗ್ರೀನ್ ಕಾರ್ಡ್‌ನ ವರ್ಗಗಳು), ಈ ಪ್ರೆಸಿಡೆಂಟ್ ಇರೋವರ್ಗೂ ಇಷ್ಟೇ ಬಿಡಿ, ಮುಂದಿನವ್ರು ಬಂದ್ರೆ ಸರಿಹೋಗ್ಬಹುದೇನೋ ಅಂತ. ನಾನು ಈ ದೇಶದ ಸಿಟಿಜನ್ ಆಗಿ ಸ್ವಲ್ಪ ಕಾಲ ಆಯ್ತು, ಅದಕ್ಕೆ ಮುಂಚೆ ಅದೇ ಲೈನಲ್ಲಿ ವರ್ಷಗಟ್ಟಲೆ ನಿಂತಿದ್ದೋಳು, ಹಾಗಾಗಿ ಆ ಸಂಕಟ ಏನು ಅಂತ ಚೆನ್ನಾಗಿ ಗೊತ್ತು. ಆದ್ರೆ ಈ ಲೈನು ಪ್ರೆಸಿಡೆಂಟ್ ಟೇಬಲ್ ಮೇಲೂ ಇಲ್ಲ, ಅರ್ಜಿ ನೋಡೋ ಯುಎಸ್‌ಸಿಐಎಸ್ ಅನ್ನೋ ಇಮಿಗ್ರೇಷನ್ ಆಫೀಸಲ್ಲೂ ಇಲ್ಲ. ಇದು ಇರೋದು ಕಾಂಗ್ರೆಸ್‌ನಲ್ಲಿ, ಅಂದ್ರೆ ಇಲ್ಲಿನ ಪಾರ್ಲಿಮೆಂಟಲ್ಲಿ, 1990ರಲ್ಲಿ ಪಾಸಾದ ಒಂದು ಕಾನೂನಲ್ಲಿ. ಇದನ್ನ ಅರ್ಥ ಮಾಡ್ಕೊಂಡ್ರೆ ಯಾರ ಬಾಗಿಲು ತಟ್ಟಬೇಕು ಅನ್ನೋದೂ ಗೊತ್ತಾಗುತ್ತೆ, ವೋಟ್ ಇಲ್ದೇ ಇದ್ರೂ ನಮ್ಮ ಕೈಲಿ ಏನಿದೆ ಅನ್ನೋದೂ ಗೊತ್ತಾಗುತ್ತೆ, ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ಮೊದ್ಲು ಲೆಕ್ಕ ನೋಡೋಣ. ಕೆಲಸದ ಮೇಲೆ ಕೊಡೋ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಇದರಲ್ಲಿ ಕೆಲಸ ಮಾಡೋರು ಮಾತ್ರ ಅಲ್ಲ ಅವರ ಗಂಡ ಅಥವಾ ಹೆಂಡತಿ, ಮಕ್ಕಳು ಎಲ್ಲರೂ ಸೇರ್ತಾರೆ, ಅಂದ್ರೆ ನಾಲ್ಕು ಜನರ ಒಂದು ಮನೆಗೆ ನಾಲ್ಕು ನಂಬರ್ ಖರ್ಚು. ಅದರ ಮೇಲೆ ಯಾವ ದೇಶದವರಿಗೂ 7 ಪರ್ಸೆಂಟ್‌ಗಿಂತ ಜಾಸ್ತಿ ಇಲ್ಲ ಅನ್ನೋ ಮಿತಿ, ಈ 1,40,000ಕ್ಕೆ ಹಾಕಿ ನೋಡಿದ್ರೆ 9,800. ಬೇರೆ ದೇಶದವರು ಬಳಸದೆ ಉಳಿದ ನಂಬರ್‌ಗಳು ಸ್ವಲ್ಪ ಈ ಕಡೆ ಹರಿದು ಬರುತ್ತೆ ನಿಜ, ಆದ್ರೂ ಇಂಡಿಯಾಗೂ ಅದೇ ಮಿತಿ, ಐಸ್‌ಲ್ಯಾಂಡ್‌ಗೂ ಅದೇ ಮಿತಿ. ಯಾವ ದೇಶ ಅನ್ನೋದನ್ನ ನೋಡೋದು ಹುಟ್ಟಿದ ಜಾಗದ ಮೇಲೆ, ಪಾಸ್‌ಪೋರ್ಟ್ ಮೇಲಲ್ಲ, ಹಾಸನದಲ್ಲಿ ಹುಟ್ಟಿ ಕೆನಡಾ ಸಿಟಿಜನ್ ಆಗಿ ಬಂದ್ರೂ ನೀವು ಇಂಡಿಯಾ ಲೈನಲ್ಲೇ. ಲೇಬರ್ ಡಿಪಾರ್ಟ್‌ಮೆಂಟ್ ಪರ್ಮ್ (ಆ ಕೆಲಸಕ್ಕೆ ಇಲ್ಲಿನವರು ಸಿಗ್ತಿಲ್ಲ ಅನ್ನೋ ದೃಢೀಕರಣ) ನೋಡುತ್ತೆ, ಯುಎಸ್‌ಸಿಐಎಸ್ ಐ-140 (ಕಂಪನಿ ನಮ್ಮ ಪರವಾಗಿ ಹಾಕೋ ಅರ್ಜಿ) ನೋಡುತ್ತೆ, ಸ್ಟೇಟ್ ಡಿಪಾರ್ಟ್‌ಮೆಂಟ್ ಬುಲೆಟಿನ್ ಹಾಕುತ್ತೆ, ಈ ಮೂರರಲ್ಲಿ ಯಾರಿಗೂ ಆ 7 ಅನ್ನೋ ಅಂಕಿಯನ್ನ 8 ಮಾಡೋ ಅಧಿಕಾರ ಇಲ್ಲ.

ಹಾಗಂತ ಆಫೀಸುಗಳದ್ದು ಏನೂ ತಪ್ಪಿಲ್ಲ ಅಂತಲ್ಲ. ಕೋವಿಡ್ ಟೈಮಲ್ಲಿ ಫ್ಯಾಮಿಲಿ ವೀಸಾಗಳು ಹೋಗದೆ ಉಳಿದು ಅವು ಮುಂದಿನ ವರ್ಷಕ್ಕೆ ಕೆಲಸದ ಲೆಕ್ಕಕ್ಕೆ ಬಂದು 2021ರ ಹಣಕಾಸು ವರ್ಷದಲ್ಲಿ ಒಟ್ಟು 2,62,000ದಷ್ಟು ನಂಬರ್ ಇತ್ತು, ಅದರಲ್ಲಿ 60 ಸಾವಿರಕ್ಕಿಂತ ಜಾಸ್ತಿ ಸೆಪ್ಟೆಂಬರ್ 30ರೊಳಗೆ ಕೊಡೋಕಾಗ್ದೆ ಹಾಗೇ ಹಾಳಾಗಿ ಹೋಯ್ತು. ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಅದೇ. ಆವತ್ತು ಎಷ್ಟು ಮನೆಗಳಲ್ಲಿ ಊಟ ಸೇರ್ಲಿಲ್ಲ ಅಂತ ನಂಗೊತ್ತು. ಆದ್ರೆ ಹಾಳಾದ ನಂಬರ್‌ಗಳನ್ನ ವಾಪಸ್ ತರೋಕೂ ಮತ್ತೆ ಕಾಂಗ್ರೆಸ್ಸೇ ಕಾನೂನು ಮಾಡ್ಬೇಕು.

ಈ ಲೈನಿನ ಕಥೆ ಇವತ್ತಿಂದಲ್ಲ, ನಮ್ಮವರಿಗೆ ಲೈನೇ ಇಲ್ಲದ ಕಾಲ ಒಂದಿತ್ತು. 1917ರ ಕಾನೂನು ಇಂಡಿಯಾ ಸೇರಿ ಏಷ್ಯಾದ ಬಹುಪಾಲು ಜನಕ್ಕೆ ಬಾಗಿಲು ಹಾಕ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನೋರ ಕೇಸು, ಅವರು ಮೊದಲನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಇದ್ದೋರು, ಆದ್ರೂ ಇಂಡಿಯಾದವರು ಬಿಳಿಯರಲ್ಲ ಹಾಗಾಗಿ ಸಿಟಿಜನ್ ಆಗೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳ್ಬಿಡ್ತು. ಅದೇ ಕಾಲದಲ್ಲಿ ದಲೀಪ್ ಸಿಂಗ್ ಸೌಂದ್ ಅಂತ ಒಬ್ಬ ಪಂಜಾಬಿ ಹುಡುಗ 1920ರಲ್ಲಿ ಬಂದು ಬರ್ಕ್ಲಿಯಲ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡಿದ್ರು, ಅಷ್ಟು ಓದಿದ್ರೂ ಕೊನೆಗೆ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ವ್ಯಾಲಿಯಲ್ಲಿ ವ್ಯವಸಾಯ ಮಾಡ್ಕೊಂಡಿದ್ರು. ಸಿಟಿಜನ್ ಅಲ್ಲ, ವೋಟ್ ಇಲ್ಲ, ಆಗೋ ದಾರೀನೂ ಇಲ್ಲ. ಅವರು ಮತ್ತು ಅವರ ಜೊತೆಗಾರರು ಸಂಘ ಕಟ್ಟಿದ್ರು, ನಮಗೂ ಸಿಟಿಜನ್‌ಶಿಪ್ ಕೊಡಿ ಅಂತ ಕಾಂಗ್ರೆಸ್ ಹಿಂದೆ ಬಿದ್ರು. 1946ರಲ್ಲಿ ರಿಪಬ್ಲಿಕನ್ ಪಾರ್ಟಿಯ ಕ್ಲೇರ್ ಬೂತ್ ಲೂಸ್, ಡೆಮಾಕ್ರಟಿಕ್ ಪಾರ್ಟಿಯ ಇಮ್ಯಾನುಯೆಲ್ ಸೆಲ್ಲರ್ ಇಬ್ಬರ ಹೆಸರಿನ ಬಿಲ್ ಪಾಸಾಗಿ ಟ್ರೂಮನ್ ಸಹಿ ಹಾಕಿದ್ರು. ವರ್ಷಕ್ಕೆ ಇಡೀ ಇಂಡಿಯಾಗೆ 100 ಜನ, ಅಷ್ಟೇ, ಆದ್ರೆ ಸಿಟಿಜನ್ ಆಗೋ ಹಕ್ಕು ಬಂತು. ಸೌಂದ್ 1949ರಲ್ಲಿ ಸಿಟಿಜನ್ ಆದ್ರು, 1950ರಲ್ಲಿ ಊರಿನ ಜಡ್ಜ್ ಎಲೆಕ್ಷನ್‌ಗೆ ನಿಂತು ಗೆದ್ರೆ ಸಿಟಿಜನ್ ಆಗಿ ಒಂದು ವರ್ಷ ಆಗಿರ್ಲಿಲ್ಲ ಅಂತ ಸೀಟು ಕೊಡ್ಲಿಲ್ಲ, ಮತ್ತೆ ನಿಂತು ಮತ್ತೆ ಗೆದ್ರು, 1956ರಲ್ಲಿ ಕಾಂಗ್ರೆಸ್‌ಗೇ ಆಯ್ಕೆ ಆದ್ರು. ಏಷ್ಯಾ ಮೂಲದವರಲ್ಲಿ ವೋಟ್ ಹಾಕೋ ಹಕ್ಕಿರೋ ಸದಸ್ಯರಾಗಿ ಅಲ್ಲಿ ಕೂತ ಮೊದಲನೇ ವ್ಯಕ್ತಿ ಅವರೇ. ವೋಟ್ ಬರೋವರ್ಗೂ ಕಾಯೋಣ ಆಮೇಲೆ ಮಾತಾಡೋಣ ಅಂತ ಅವರು ಕೂತಿದ್ರೆ ಆ ಕಾನೂನು ಯಾವಾಗ ಬರ್ತಿತ್ತೋ. ಆ 100ರ ಕೋಟಾ ಹೋಗಿ ಇವತ್ತಿನ ವ್ಯವಸ್ಥೆಗೆ ಬುನಾದಿ ಬಿದ್ದಿದ್ದು 1965ರಲ್ಲಿ, ಆ ಕಾನೂನಲ್ಲೂ ಅದೇ ಸೆಲ್ಲರ್ ಹೆಸರಿದೆ.

ಈಗ ನಮ್ಮ ಕಾಲಕ್ಕೆ ಬರ್ತೀನಿ. ದೇಶದ ಮಿತಿ ತೆಗೀಬೇಕು ಅನ್ನೋ ಬಿಲ್ ಬಂದೇ ಇಲ್ಲ ಅಂತ ತುಂಬಾ ಜನ ಅನ್ಕೊಂಡಿದ್ದಾರೆ, ಬಂದಿತ್ತು, ಪಾಸಾಗೋ ಹತ್ರಾನೂ ಹೋಗಿತ್ತು. 2019ರ ಜುಲೈ 10ಕ್ಕೆ ಕಾಂಗ್ರೆಸ್‌ನ ಕೆಳಮನೆ ಹೌಸ್‌ನಲ್ಲಿ ಎಚ್‌ಆರ್ 1044 ಅನ್ನೋ ಬಿಲ್‌ಗೆ 365 ವೋಟು ಪರ, 65 ವಿರುದ್ಧ. ನಮ್ಮ ಲೋಕಸಭೆ ನೋಡಿ ಬೆಳೆದೋರಿಗೆ ಇಷ್ಟು ದೊಡ್ಡ ಅಂತರದಲ್ಲಿ ಗೆದ್ದ ಬಿಲ್ಲು ಸಾಯುತ್ತೆ ಅಂದ್ರೆ ನಂಬೋಕೇ ಆಗಲ್ಲ, ಯಾಕಂದ್ರೆ ಅಲ್ಲಿ ಸರ್ಕಾರದ ಕೈಲಿ ಬಹುಮತ ಇರುತ್ತೆ, ಪಾರ್ಟಿ ವಿಪ್ ಕೊಡುತ್ತೆ, ವಿಪ್ ಮೀರಿದ್ರೆ 1985ರ ಪಕ್ಷಾಂತರ ಕಾನೂನಲ್ಲಿ ಸೀಟೇ ಹೋಗ್ಬಹುದು. ಇಲ್ಲಿ ಪ್ರೆಸಿಡೆಂಟ್ ಬೇರೆ, ಹೌಸ್ ಬೇರೆ, ಮೇಲ್ಮನೆ ಸೆನೆಟ್ ಬೇರೆ, ಒಬ್ಬೊಬ್ಬರೂ ಬೇರೆ ಬೇರೆ ಎಲೆಕ್ಷನ್ ಗೆದ್ದು ಬಂದೋರು, ಪಾರ್ಟಿ ಹೇಳಿದ್ದಕ್ಕೆ ವಿರುದ್ಧ ವೋಟ್ ಹಾಕಿದ್ರೂ ಸೀಟು ಹೋಗಲ್ಲ. ಸೆನೆಟ್‌ನಲ್ಲಂತೂ 6 ಲಕ್ಷಾನೂ ಜನ ಇಲ್ಲದ ವಯೋಮಿಂಗ್‌ಗೂ ಇಬ್ಬರು, 3.9 ಕೋಟಿ ಜನದ ಕ್ಯಾಲಿಫೋರ್ನಿಯಾಗೂ ಇಬ್ಬರು. ಅಲ್ಲಿ ಸೆನೆಟರ್ ಮೈಕ್ ಲೀ ತಂದಿದ್ದ ಅದೇ ಥರದ ಎಸ್ 386 ಅನ್ನೋ ಬಿಲ್ಲನ್ನ ಸರ್ವಾನುಮತದಿಂದ ಪಾಸ್ ಮಾಡ್ಸೋ ಪ್ರಯತ್ನ ನಡೀತು, ಆ ದಾರೀಲಿ ಒಬ್ಬೇ ಒಬ್ಬ ಸೆನೆಟರ್ ಎದ್ದು ಆಕ್ಷೇಪ ಅಂದ್ರೂ ಅಲ್ಲಿಗೆ ನಿಂತೋಯ್ತು. ಮೊದ್ಲು ರ‍್ಯಾಂಡ್ ಪಾಲ್ ನರ್ಸ್‌ಗಳ ವಿಷಯಕ್ಕೆ ತಡೆದ್ರು, ಆಮೇಲೆ ಡಿಕ್ ಡರ್ಬಿನ್, ಒಟ್ಟು ಸಂಖ್ಯೆ ಜಾಸ್ತಿ ಮಾಡದೆ ಬರೀ ಮಿತಿ ತೆಗೆದ್ರೆ ಬೇರೆ ದೇಶದವರು ಕಾಯ್ಬೇಕಾಗುತ್ತೆ ಅಂತ. ಅವರವರನ್ನ ಒಪ್ಪಿಸಿ ತಿದ್ದುಪಡಿ ಮೇಲೆ ತಿದ್ದುಪಡಿ ಮಾಡಿ 2020ರ ಡಿಸೆಂಬರ್ 2ಕ್ಕೆ ಸೆನೆಟ್‌ನಲ್ಲೂ ಪಾಸಾಯ್ತು. ಆದ್ರೆ ಎರಡೂ ಮನೆಯಲ್ಲಿ ಪಾಸಾದ ಬಿಲ್ಲು ಅಕ್ಷರಕ್ಕೆ ಅಕ್ಷರ ಒಂದೇ ಇರ್ಬೇಕು, ಇಲ್ಲಿ ಎರಡು ಬೇರೆ ಬೇರೆ ಆಗಿತ್ತು, ಹೊಂದಿಸೋಕೆ ಉಳಿದಿದ್ದು ಒಂದು ತಿಂಗಳು, 2021ರ ಜನವರಿ 3ಕ್ಕೆ ಆ ಕಾಂಗ್ರೆಸ್ ಅವಧಿ ಮುಗೀತು, ಬಿಲ್ಲೂ ಹೋಯ್ತು. 2021ರಲ್ಲಿ ಈಗಲ್ ಆಕ್ಟ್ ಅಂತ ಇನ್ನೊಂದು ಬಂತು, 2022ರ ಡಿಸೆಂಬರ್‌ನಲ್ಲಿ ಹತ್ರ ಬಂದ್ರೂ ಅದು ಹೌಸ್‌ನಲ್ಲಿ ವೋಟಿಗೇ ಬರ್ಲಿಲ್ಲ.

ಇದನ್ನ ಇಷ್ಟು ವಿವರವಾಗಿ ಹೇಳೋಕೆ ಕಾರಣ ಇದೆ. ಅಮೆರಿಕದವರಿಗೆ ನಾವು ಬೇಡ ಅಂತ ಬಿಲ್ಲು ಸತ್ತಿದ್ದಲ್ಲ, ಎರಡೂ ಪಾರ್ಟಿಯವರು ಸೇರಿ 365 ವೋಟ್ ಹಾಕಿದಾರೆ. ಸತ್ತಿದ್ದು ಕೆಲವೇ ಸೆನೆಟರ್‌ಗಳ ಕಾಳಜಿಗೆ ಉತ್ತರ ಸಿಗೋದು ತಡ ಆಗಿ. ಡರ್ಬಿನ್ ಎತ್ತಿದ ಪ್ರಶ್ನೆಯಲ್ಲಿ ನ್ಯಾಯ ಇದೆ ಅಂತ ನಂಗನ್ನಿಸುತ್ತೆ, ಬರೀ ಮಿತಿ ತೆಗೆದ್ರೆ ನಮ್ಮ ಸಂಕಟ ನೈಜೀರಿಯಾದವರಿಗೋ ಫಿಲಿಪೈನ್ಸ್‌ನವರಿಗೋ ಹಂಚಿದ ಹಾಗಾಗುತ್ತೆ. ಗಂಡ ಹೆಂಡತಿ ಮಕ್ಕಳನ್ನ ಆ 1,40,000ದಲ್ಲಿ ಎಣಿಸೋದನ್ನ ಬಿಟ್ರೆ ಎಲ್ಲಾ ದೇಶದವರಿಗೂ ಅನುಕೂಲ, ನಾವು ಕೇಳ್ಬೇಕಾಗಿರೋದು ಅದನ್ನ ಅಂತ ನನ್ನ ಅಭಿಪ್ರಾಯ.

ಕಾಂಗ್ರೆಸ್ ಮಾಡೋ ಕಾನೂನು ಬೇರೆ, ಇಲಾಖೆ ಮಾಡೋ ರೂಲ್ ಬೇರೆ, ಪ್ರೆಸಿಡೆಂಟ್ ಹೊರಡಿಸೋ ಪ್ರೊಕ್ಲಮೇಷನ್ ಬೇರೆ, ಈ ವ್ಯತ್ಯಾಸ ಗೊತ್ತಿದ್ರೆ ಅರ್ಧ ಗಾಬರಿ ಕಮ್ಮಿ ಆಗುತ್ತೆ. ಎಚ್-1ಬಿ ಕೆಲಸದ ವೀಸಾದವರ ಜೊತೆ ಬಂದು ಎಚ್-4 ವೀಸಾ ಮೇಲಿರೋ ಹೆಣ್ಮಕ್ಕಳು (ಗಂಡಸರೂ ಇದಾರೆ) ಕೆಲಸ ಮಾಡ್ತಿರೋದು ಕಾಂಗ್ರೆಸ್ ಕಾನೂನಿಂದ ಅಲ್ಲ, 2015ರಲ್ಲಿ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಮಾಡಿದ ಒಂದು ರೂಲ್‌ನಿಂದ. ಅದರ ಮೇಲೆ ಆಗ್ಲೇ ಕೇಸ್ ಬಿತ್ತು, ಮಧ್ಯದಲ್ಲಿ ಸರ್ಕಾರಾನೇ ತೆಗೀತೀವಿ ಅಂತ ಹೊರಟಿತ್ತು, 2024ರಲ್ಲಿ ಅಪೀಲ್ಸ್ ಕೋರ್ಟ್ ಎತ್ತಿ ಹಿಡೀತು, 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕೇಸು ಕೈಗೆತ್ತಿಕೊಳ್ಳಲ್ಲ ಅಂತು. ಹತ್ತು ವರ್ಷ ನಮ್ಮ ಹೆಣ್ಮಕ್ಕಳು ಕೆಲಸ ಇರುತ್ತೋ ಇಲ್ವೋ ಅಂತ ಆ ಒಂದು ವರ್ಕ್ ಪರ್ಮಿಟ್ ಕಾರ್ಡ್ ನೋಡ್ಕೊಂಡು ಬದುಕಿದಾರೆ. ರೂಲ್ ಮಾಡೋಕೆ ಮುಂಚೆ ಸಾಮಾನ್ಯವಾಗಿ ಸರ್ಕಾರ ಕರಡು ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳ್ಬೇಕು, 1946ರ ಕಾನೂನು ಅದು, ಆ ಅಭಿಪ್ರಾಯ ಬರೆಯೋಕೆ ಸಿಟಿಜನ್ ಆಗಿರ್ಬೇಕಾಗಿಲ್ಲ, ಬೆಂಗಳೂರಲ್ಲಿ ಕೂತೂ ಬರೀಬಹುದು, ಮುಖ್ಯವಾದ ಪ್ರಶ್ನೆಗಳು ಬಂದ್ರೆ ಅದಕ್ಕೆ ಫೈನಲ್ ರೂಲ್‌ನಲ್ಲಿ ಉತ್ತರ ಕೊಡ್ಲೇಬೇಕು. ಅದೇ 2025ರ ಸೆಪ್ಟೆಂಬರ್ 19ಕ್ಕೆ ಬಂದಿದ್ದು ಪ್ರೊಕ್ಲಮೇಷನ್, ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್, ಶುಕ್ರವಾರ ಸಹಿ, ಭಾನುವಾರದಿಂದ ಜಾರಿ. ಊರಿಗೆ ಹೋಗಿದ್ದೋರು ರಾತ್ರೋರಾತ್ರಿ ಟಿಕೆಟ್‌ಗೆ ಒದ್ದಾಡಿದ್ರು, ಮಾರನೇ ದಿನ ಹೇಳ್ತಾರೆ ಇದು ಹೊಸ ಅರ್ಜಿಗಳಿಗೆ ಮಾತ್ರ, ಈಗಾಗ್ಲೇ ವೀಸಾ ಇರೋರಿಗಲ್ಲ ಅಂತ. ಪ್ರೆಸಿಡೆಂಟ್ ಒಬ್ಬರೇ ಏನು ಮಾಡ್ಬಹುದು ಅನ್ನೋದಕ್ಕೆ ಅದು ಉದಾಹರಣೆ, ಎಲ್ಲಿ ನಿಲ್ಲಿಸ್ತಾರೆ ಅನ್ನೋದಕ್ಕೆ ಬರ್ತ್‌ರೈಟ್ ಆರ್ಡರ್ ಉದಾಹರಣೆ. ಎಚ್-1ಬಿ ತಂದೆತಾಯಿಗೆ ಇಲ್ಲಿ ಹುಟ್ಟೋ ಮಗು ಸಿಟಿಜನ್ ಅಲ್ಲ ಅನ್ನೋ ಅರ್ಥದ ಆ ಆದೇಶ 2025ರ ಜನವರಿ 20ಕ್ಕೆ ಬಂತು, ಇಲ್ಲಿ ಹುಟ್ಟಿದೋರು ಸಿಟಿಜನ್ ಅನ್ನೋ ಸಂವಿಧಾನದ 1868ರ 14ನೇ ತಿದ್ದುಪಡಿ, ಅದನ್ನ ಎತ್ತಿ ಹಿಡಿದ 1898ರ ವಾಂಗ್ ಕಿಮ್ ಆರ್ಕ್ ತೀರ್ಪು ಇಟ್ಕೊಂಡು ರಾಜ್ಯಗಳು, ತಾಯಂದಿರು ಕೋರ್ಟಿಗೆ ಹೋದ್ರು, ಜಾರಿಗೆ ಬರೋಕೆ ಮುಂಚೇನೇ ಕೋರ್ಟ್‌ಗಳು ತಡೆ ಹಾಕಿದ್ವು.

ಸರಿ, ವೋಟ್ ಇಲ್ಲ, ನಾವೇನ್ ಮಾಡೋಕಾಗುತ್ತೆ ಅಂತ ಕೇಳ್ತೀರ. ಹೌಸ್‌ನ 435 ಸೀಟು ಹಂಚೋದು ವೋಟರ್‌ಗಳನ್ನ ಎಣಿಸಿ ಅಲ್ಲ, ಸೆನ್ಸಸ್‌ನಲ್ಲಿ ಸಿಗೋ ಎಲ್ಲಾ ಜನರನ್ನ ಎಣಿಸಿ, 14ನೇ ತಿದ್ದುಪಡಿಯಲ್ಲೇ ಹಾಗಿದೆ. ಸುಮಾರು 7,60,000 ಜನಕ್ಕೆ ಒಬ್ಬ ರೆಪ್ರೆಸೆಂಟೇಟಿವ್. 2020ರ ಸೆನ್ಸಸ್ ಆದ್ಮೇಲೆ ಟೆಕ್ಸಾಸ್‌ಗೆ ಎರಡು ಸೀಟು ಹೊಸದಾಗಿ ಬಂತಲ್ಲ, ಆ ಎಣಿಕೆಯಲ್ಲಿ ಫ್ರಿಸ್ಕೋದಲ್ಲಿ, ಅರ್ವಿಂಗ್‌ನಲ್ಲಿ ಇರೋ ಎಚ್-1ಬಿ ಮನೆಗಳೂ ಇದಾವೆ, ಅವರ ಮಕ್ಕಳೂ ಇದಾವೆ. ಹಾಗಾಗಿ ನಿಮ್ಮ ರೆಪ್ರೆಸೆಂಟೇಟಿವ್ ನಿಮಗೂ ರೆಪ್ರೆಸೆಂಟೇಟಿವ್. ಅವರ ಲೋಕಲ್ ಆಫೀಸಲ್ಲಿ ಕೇಸ್‌ವರ್ಕರ್ ಅಂತ ಇರ್ತಾರೆ, ಇಎಡಿ ಅನ್ನೋ ವರ್ಕ್ ಪರ್ಮಿಟ್ ತಿಂಗಳಾನುಗಟ್ಟಲೆ ಸಿಕ್ಕಾಕೊಂಡಿದ್ರೆ ಪ್ರೈವಸಿ ರಿಲೀಸ್ ಫಾರ್ಮ್‌ಗೆ ಸಹಿ ಹಾಕಿ ಕೊಟ್ರೆ ಅವರು ಯುಎಸ್‌ಸಿಐಎಸ್‌ಗೆ ಕೇಳ್ತಾರೆ. ತೀರ್ಮಾನ ಬದಲಾಯ್ಸೋಕೆ ಅವರಿಗೆ ಆಗಲ್ಲ, ಎಲ್ಲೋ ಮೂಲೆ ಸೇರಿರೋ ಫೈಲಿನ ಬಗ್ಗೆ ಉತ್ತರ ತರಿಸೋಕೆ ಆಗುತ್ತೆ, ನನ್ನ ಹತ್ತಿರದ ಒಂದು ಮನೆಯವರಿಗೆ ಹಾಗೇ ಉತ್ತರ ಬಂದಿದ್ದನ್ನ ನೋಡಿದೀನಿ. ಬಿಲ್ ಬಗ್ಗೆ ಫೋನ್ ಮಾಡಿದ್ರೆ ಪರವೋ ವಿರುದ್ಧವೋ ಅಂತ ಗುರುತು ಹಾಕ್ಕೋತಾರೆ. ಮಾಡುವಾಗ ಬಿಲ್ ನಂಬರ್ ಹೇಳಿ, ನಿಮ್ಮ ಜಿಪ್ ಕೋಡ್ ಹೇಳಿ, ನಿಮ್ಮ ಮನೆ ಕಥೆ ಎರಡು ವಾಕ್ಯದಲ್ಲಿ ಹೇಳಿ, ಇಲ್ಲೇ ಕಿಂಡರ್‌ಗಾರ್ಟನ್‌ನಿಂದ ಓದಿದ ಮಗಳಿಗೆ 21 ಆಗ್ತಿದೆ, ಆಮೇಲೆ ಅವಳು ನಮ್ಮ ಅರ್ಜಿಯಿಂದಾನೇ ಆಚೆ ಬೀಳ್ತಾಳೆ, ಅಂತ. ಈ ವಿಷಯ ಎಷ್ಟೋ ಸ್ಟಾಫ್‌ಗೆ ನಿಜವಾಗ್ಲೂ ಗೊತ್ತಿರಲ್ಲ.

ಭಯ ಆಗುತ್ತೆ ಅಂತಾರೆ ಕೆಲವರು, ಅದನ್ನ ನಾನು ಹಗುರವಾಗಿ ತಗೊಳ್ಳಲ್ಲ, 2025ರಲ್ಲಿ ಸ್ಟೂಡೆಂಟ್ ವೀಸಾದವರು ಮಾತಾಡಿದ್ದಕ್ಕೆ, ಬರೆದಿದ್ದಕ್ಕೆ ಏನೇನಾಯ್ತು ಅಂತ ಎಲ್ಲರೂ ನೋಡಿದೀವಿ. ನಿಮ್ಮದೇ ಕೇಸಿನ ಬಗ್ಗೆ, ಒಂದು ಬಿಲ್ಲಿನ ಬಗ್ಗೆ ನಿಮ್ಮದೇ ರೆಪ್ರೆಸೆಂಟೇಟಿವ್ ಆಫೀಸಿಗೆ ಫೋನ್ ಮಾಡೋದಕ್ಕೂ ಅದಕ್ಕೂ ತುಂಬಾ ದೂರ ಇದೆ, ಆದ್ರೂ ಎಷ್ಟು ಮುಂದೆ ಬರ್ಬೇಕು ಅನ್ನೋದು ಅವರವರ ಮನೆ ಪರಿಸ್ಥಿತಿ ನೋಡ್ಕೊಂಡು ಅವರೇ ತೀರ್ಮಾನ ಮಾಡ್ಬೇಕು.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಡ್ರೈವರ್ಸ್ ಲೈಸೆನ್ಸ್ ಮಾಡಿಸೋಕೆ ಹೋದಾಗ ವೋಟರ್ ಆಗಿ ರಿಜಿಸ್ಟರ್ ಆಗ್ತೀರಾ ಅಂತ ಪ್ರಶ್ನೆ ಇರುತ್ತೆ, 1993ರ ಕಾನೂನಿಂದ ಬಂದಿದ್ದು. ಸಿಟಿಜನ್ ಅಲ್ಲದವರು ಅವಸರದಲ್ಲಿ ಹೌದು ಅಂತ ಟಿಕ್ ಮಾಡ್ಬೇಡಿ, ಸಿಟಿಜನ್ ಅಂತ ಸುಳ್ಳು ಹೇಳಿದ ಹಾಗಾದ್ರೆ 1996ರ ಕಾನೂನಲ್ಲಿ ಗ್ರೀನ್ ಕಾರ್ಡ್ ಇರೋರನ್ನೂ ಹೊರಗೆ ಹಾಕ್ಬಹುದು. ಎಲೆಕ್ಷನ್‌ಗೆ ದುಡ್ಡು ಕೊಡೋದೂ ಹಾಗೇ, ಗ್ರೀನ್ ಕಾರ್ಡ್ ಇದ್ರೆ ಕೊಡ್ಬಹುದು, ಎಚ್-1ಬಿ ಮೇಲಿರೋರು ಸಿಟಿ ಕೌನ್ಸಿಲ್ ಎಲೆಕ್ಷನ್‌ಗೂ ಒಂದು ಡಾಲರ್ ಕೊಡೋ ಹಾಗಿಲ್ಲ. ಸಂಬಳ ಇಲ್ಲದೆ ವಾಲಂಟಿಯರ್ ಆಗಿ ಕೆಲಸ ಮಾಡ್ಬಹುದು.

ನಂಗೆ ತುಂಬಾ ಬೇಜಾರಾಗೋದು ಸ್ಕೂಲ್ ಬೋರ್ಡ್ ವಿಷಯದಲ್ಲಿ. ಟೆಕ್ಸಾಸ್‌ನಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ, ನಾವು ಕಟ್ಟೋ ಪ್ರಾಪರ್ಟಿ ಟ್ಯಾಕ್ಸ್‌ನಲ್ಲಿ ದೊಡ್ಡ ಪಾಲು ಹೋಗೋದೇ ಸ್ಕೂಲ್ ಡಿಸ್ಟ್ರಿಕ್ಟ್‌ಗೆ, ನಾವೆಲ್ಲಾ ಮನೆ ತಗೊಂಡಿರೋದೂ ಆ ಸ್ಕೂಲ್ ನೋಡೇ. ಆ ಬೋರ್ಡ್ ಮೀಟಿಂಗ್‌ಗೆ ಯಾರು ಬೇಕಾದ್ರೂ ಹೋಗ್ಬಹುದು, ಅಜೆಂಡಾದಲ್ಲಿರೋ ವಿಷಯದ ಮೇಲೆ ಜನ ಮಾತಾಡೋಕೆ ಅವಕಾಶ ಕೊಡ್ಲೇಬೇಕು ಅಂತ 2019ರಲ್ಲಿ ರಾಜ್ಯ ಕಾನೂನೇ ಮಾಡಿದೆ, ಪಾಸ್‌ಪೋರ್ಟ್ ಯಾರೂ ಕೇಳಲ್ಲ. ಯಾವ ಸ್ಕೂಲ್ ಮುಚ್ಬೇಕು, ಬೌಂಡರಿ ಎಲ್ಲಿಗೆ ಎಳೀಬೇಕು ಅನ್ನೋದೆಲ್ಲಾ ಅಲ್ಲೇ ಆಗೋದು. ನಮ್ಮ ಮಕ್ಕಳು ಅಷ್ಟು ಜನ ಓದೋ ಕಡೆ ನಮ್ಮವರು ಕುರ್ಚಿಯಲ್ಲಿ ಕಾಣೋದು ಅಪರೂಪ.

ಇನ್ನು ವೋಟ್ ಇರೋರಿಗೆ, ಅಂದ್ರೆ ತೊಂಬತ್ತರ ದಶಕದಲ್ಲಿ, ಎರಡು ಸಾವಿರದ ಶುರುವಲ್ಲಿ ಬಂದು ಬೇಗ ಗ್ರೀನ್ ಕಾರ್ಡ್ ಸಿಕ್ಕಿ ಈಗ ಸಿಟಿಜನ್ ಆಗಿರೋರಿಗೆ ಒಂದು ಮಾತು. ನಿಮ್ಮ ದನಿಗೆ ತೂಕ ಜಾಸ್ತಿ. ಮಂಡ್ಯದ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಸರ್ಜನ್ ಜನರಲ್, ಅಂದ್ರೆ ಸರ್ಕಾರದ ಕಡೆಯಿಂದ ದೇಶಕ್ಕೆ ಆರೋಗ್ಯದ ಸಲಹೆ ಕೊಡೋ ಮುಖ್ಯ ಡಾಕ್ಟರ್, ಆದಾಗ ನಾವೆಲ್ಲಾ ಹೆಮ್ಮೆ ಪಟ್ವಿ, ಅವರ ಹೆಸರು ಸೆನೆಟ್‌ನಲ್ಲಿ ಒಂದು ವರ್ಷಕ್ಕೂ ಮೇಲೆ ನಿಂತಿತ್ತು, ಬಂದೂಕು ಆರೋಗ್ಯದ ವಿಷಯ ಅಂತ ಹೇಳಿದ್ದಕ್ಕೆ ವಿರೋಧ, ಕೊನೆಗೆ 2014ರ ಡಿಸೆಂಬರ್‌ನಲ್ಲಿ 51–43ರಲ್ಲಿ ಪಾಸಾಯ್ತು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2023ರಲ್ಲಿ ಮಿಷಿಗನ್‌ನಿಂದ ಹೌಸ್‌ಗೆ ಹೋದ್ರು. ನಮ್ಮ ಕಡೆಯವರು ಅಂತ ಸನ್ಮಾನ ಮಾಡಿ ಶಾಲು ಹೊದಿಸೋದು ಒಳ್ಳೇದೇ, ಜೊತೆಗೆ ಸಂಘದ ಕಾರ್ಯಕ್ರಮಕ್ಕೆ ಪಕ್ಕದ ಕುರ್ಚಿಯಲ್ಲಿ ಕೂತಿರೋ ಚಿಕ್ಕ ವಯಸ್ಸಿನ ದಂಪತಿ ಪರವಾಗಿ ಒಂದು ಫೋನು ಮಾಡಿ ಅಂತ ಕೇಳ್ಕೋತೀನಿ.

ಗ್ರೀನ್ ಕಾರ್ಡ್ ಬಂದು ಐದು ವರ್ಷ ಆದ್ರೂ ಎನ್-400, ಅಂದ್ರೆ ಸಿಟಿಜನ್ ಆಗೋ ಅರ್ಜಿ, ಹಾಕದೇ ಇರೋರು ತುಂಬಾ ಜನ ಇದ್ದಾರೆ, ಇಂಡಿಯಾ ಪಾಸ್‌ಪೋರ್ಟ್ ಒಪ್ಪಿಸ್ಬೇಕಲ್ಲ ಅಂತ. ಆ ನೋವು ನಿಜ, ಎರಡೂ ಇಟ್ಕೊಳ್ಳೋಕೆ ನಮ್ಮ ದೇಶ ಬಿಡಲ್ಲ, ಬೇರೆ ದೇಶದ ಸಿಟಿಜನ್ ಆದ ಇಂಡಿಯಾ ಮೂಲದವರಿಗೆ ಕೊಡೋ ಒಸಿಐ ಕಾರ್ಡ್ ಇದ್ರೆ ಓಡಾಡ್ಬಹುದು ಆದ್ರೆ ಅಲ್ಲಿ ವೋಟ್ ಇಲ್ಲ, ಹೊಸದಾಗಿ ಹೊಲ ತೋಟ ಕೊಳ್ಳೋ ಹಾಗಿಲ್ಲ, ಅಪ್ಪನಿಂದ ಪಿತ್ರಾರ್ಜಿತವಾಗಿ ಬರೋದು ಬರುತ್ತೆ. ಯೋಚನೆ ಮಾಡಿ ತೀರ್ಮಾನ ಮಾಡೋ ವಿಷಯವೇ ಇದು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕೋರಿಗೆ ಸಿವಿಕ್ಸ್ ಟೆಸ್ಟ್, ಅಂದ್ರೆ ಈ ದೇಶದ ಇತಿಹಾಸ, ಸರ್ಕಾರದ ಬಗ್ಗೆ ಕೇಳೋ ಪರೀಕ್ಷೆ, ಸ್ವಲ್ಪ ಗಟ್ಟಿ ಆಗಿದೆ, 128 ಪ್ರಶ್ನೆ ಓದ್ಕೋಬೇಕು, 20 ಕೇಳ್ತಾರೆ, 12 ಸರಿ ಇರ್ಬೇಕು. ಅಪ್ಪ ಅಮ್ಮಂಗೆ ಇಂಗ್ಲಿಷ್ ಬರಲ್ಲ ಅಂತ ಸುಮ್ನಿರೋರಿಗೆ: 55 ವಯಸ್ಸಾಗಿ ಗ್ರೀನ್ ಕಾರ್ಡ್ ಸಿಕ್ಕಿ 15 ವರ್ಷ ಆಗಿದ್ರೆ, ಇಲ್ಲಾ 50 ವಯಸ್ಸಾಗಿ 20 ವರ್ಷ ಆಗಿದ್ರೆ, ಇಂಗ್ಲಿಷ್ ಪರೀಕ್ಷೆ ಇಲ್ಲ, ಸಿವಿಕ್ಸ್ ಪ್ರಶ್ನೆಗೆ ಇಂಟರ್‌ಪ್ರಿಟರ್ ಇಟ್ಕೊಂಡು ಕನ್ನಡದಲ್ಲೇ ಉತ್ತರ ಹೇಳ್ಬಹುದು. 65 ದಾಟಿ 20 ವರ್ಷ ಆಗಿರೋರು ಓದ್ಬೇಕಾಗಿರೋದು 20 ಪ್ರಶ್ನೆ ಮಾತ್ರ.

2026ರ ನವೆಂಬರ್ 3ಕ್ಕೆ ಮಿಡ್‌ಟರ್ಮ್ ಎಲೆಕ್ಷನ್, ಹೌಸ್‌ನ 435 ಸೀಟೂ, ಸೆನೆಟ್‌ನ ಮೂರನೇ ಒಂದು ಭಾಗವೂ. ಟೆಕ್ಸಾಸ್‌ನಲ್ಲಿ 30 ದಿನ ಮುಂಚೆ ರಿಜಿಸ್ಟರ್ ಆಗಿರ್ಬೇಕು, ಲೈಸೆನ್ಸ್ ರಿನ್ಯೂ ಮಾಡುವಾಗ ಬಿಟ್ರೆ ಆನ್‌ಲೈನ್ ರಿಜಿಸ್ಟ್ರೇಷನ್ ಇಲ್ಲ, ಕಾಗದದ ಫಾರ್ಮ್‌ಗೆ ಸಹಿ ಹಾಕಿ ಕಳಿಸ್ಬೇಕು. ನಾನು ನಮ್ಮ ಕೌಂಟಿಯಲ್ಲಿ ವಾಲಂಟಿಯರ್ ಡೆಪ್ಯೂಟಿ ರಿಜಿಸ್ಟ್ರಾರ್ ಆಗಿದೀನಿ, ತುಂಬಿಸಿದ ಫಾರ್ಮ್ ಐದು ದಿನದೊಳಗೆ ಕೌಂಟಿಗೆ ಮುಟ್ಟಿಸೋದು ನನ್ನ ಜವಾಬ್ದಾರಿ. ಹೊಸದಾಗಿ ಓತ್ ತಗೊಂಡೋರು, 18 ಆಗ್ತಿರೋ ಮಕ್ಕಳಿರೋರು, ಮನೆ ಬದಲಾಯ್ಸಿ ಅಡ್ರೆಸ್ ಬದಲಾಯ್ಸದೇ ಇರೋರು ನಂಗೆ ಮೆಸೇಜ್ ಹಾಕಿ, ಸಂಘದ ಮುಂದಿನ ಕಾರ್ಯಕ್ರಮಕ್ಕೆ ಫಾರ್ಮ್ ತಗೊಂಡೇ ಬರ್ತೀನಿ.